ಹಳೆಯ ಅಂಚೆ ಕಚೇರಿ ಕಟ್ಟಡ: ದಾಖಲಿಸುವ ಮುನ್ನ ಓದಿ

ಸದಸ್ಯರೇ, ಮುಂಭಾಗದ ಕಮಾನು, ಗಡಿಯಾರಗಳ ಫೋಟೋ ಸಾಕಷ್ಟು ಬಂದಿವೆ. ಈಗ ಒಳಗಿನದು ಬೇಕು. ಅಂಚೆ ಕಚೇರಿ ಅಂಚೆ ಕಚೇರಿಯಾಗಿ ಕಾಣುವುದು ಅಲ್ಲೇ: ಮರದ ಕೌಂಟರು, ಹಿತ್ತಾಳೆ ಜಾಲರಿ, ಕಾಗದ ಹಾಕುವ ಸೀಳು, ವಿಂಗಡಣೆಯ ಗೂಡುಗಳು, ಚೀಲ ಇಳಿಸುತ್ತಿದ್ದ ಹಿಂಬಾಗಿಲ ಕಟ್ಟೆ. ನವೀಕರಣದಲ್ಲಿ ಮೊದಲು ಗುಜರಿಗೆ ಹೋಗುವುದೂ ಇವೇ. ಪ್ರತಿಯೊಂದರ ಪಕ್ಕ ಅಳತೆಪಟ್ಟಿ ಇಟ್ಟು ನೇರವಾಗಿ ಫೋಟೋ ತೆಗೆಯಿರಿ. ಯಾವ ಕೋಣೆ, ಯಾವ ಗೋಡೆ ಎಂದು ಬರೆಯಿರಿ. ಹಿತ್ತಾಳೆ ಉಜ್ಜಬೇಡಿ, ಅಕ್ಷರಗಳು ಸವೆಯುತ್ತವೆ.

ಗೋಡೆ ಸುಣ್ಣದ ಗಾರೆಯದಾಗಿದ್ದರೆ ಸಿಮೆಂಟ್ ಪ್ಲಾಸ್ಟರ್ ತೇಪೆಗಳನ್ನು ನಕ್ಷೆಯಲ್ಲಿ ಗುರುತಿಸಿ. ಸಿಮೆಂಟ್ ತೇವವನ್ನು ಸಲೀಸಾಗಿ ಹೊರಬಿಡದು. ತೇವ ಇಟ್ಟಿಗೆಯ ಮೂಲಕವೇ ಹೊರಡುತ್ತದೆ, ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖ ಉದುರುತ್ತದೆ. ಇಟ್ಟಿಗೆಗಳ ನಡುವಿನ ಸಂದು ತುಂಬುವಾಗ ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೈ ಉಳಿಯಿಂದ ಕೆರೆದು, 1 ಪಾಲು ಸುಣ್ಣ, 3 ಪಾಲು ಮರಳು ಹಾಕುವುದು ರೂಢಿ. ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ, ಒದ್ದೆ ಗೋಣಿ ಹೊದಿಸಬೇಕು. ಮರಳು ಸಿಡಿಸಿ ಕಲ್ಲು ತೊಳೆಯುವ ಸಲಹೆ ಬಂದರೆ ಒಪ್ಪಬೇಡಿ.

ಆದರೆ ಮೊದಲು ಛಾವಣಿಯ ನೀರ್ಕೊಳವೆ ನೋಡಿ. ಅದು ಕಟ್ಟಿಕೊಂಡಿದ್ದರೆ ಕೆಳಗಿನ ದುರಸ್ತಿಯೆಲ್ಲ ವ್ಯರ್ಥ.