ಸೂಪರ್‌ಚಾರ್ಜರ್ ಕೆಲಸಕ್ಕೆ ಬರುವ ನಮ್ಮ ಗ್ರಾಹಕರಿಗೆ: ಇನ್ನು ಮುಂದೆ ಮೊದಲು ಎಂಜಿನ್, ಆಮೇಲೆ ಕಿಟ್

ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಬರೀ ಸೂಪರ್‌ಚಾರ್ಜರ್ (ಎಂಜಿನ್ ಒಳಗೆ ಹೆಚ್ಚು ಗಾಳಿ ತಳ್ಳಿ ಪವರ್ ಏರಿಸುವ ಸಾಮಾನು) ಕಿಟ್ ಕೂರಿಸಿ ಕಳಿಸುವ ಕೆಲಸ ನಿಲ್ಲಿಸುತ್ತಿದ್ದೇವೆ. ಗಾಡಿ ಯಾವುದೇ ಇರಲಿ, ಮೊದಲು ಎಂಜಿನ್ ಚೆಕ್ ಮಾಡುತ್ತೇವೆ. ಅದರ ರಿಪೋರ್ಟ್ ಮುಂದಿಟ್ಟುಕೊಂಡು ಯಾವ ಮಾಡಿಫಿಕೇಶನ್ ಬೇಕು, ಯಾವುದು ಬೇಡ, ಈಗಾಗಲೇ ಹಾಕಿಸಿರುವುದರಲ್ಲಿ ಯಾವುದನ್ನು ಬಿಚ್ಚಬೇಕು ಅಂತ ನಿಮ್ಮ ಜೊತೆ ಕೂತು ಮಾತಾಡುತ್ತೇವೆ. ಆ ಕೆಲಸ ಮುಗಿದ ಮೇಲೆಯೇ ಕಿಟ್‌ಗೆ ಆರ್ಡರ್ ಹಾಕುವುದು. ಚೆಕಿಂಗ್‌ಗೆ 6,500 ರೂಪಾಯಿ, ಜಿಎಸ್‌ಟಿ ಬೇರೆ. ಎಂಜಿನ್ ಕಿಟ್‌ಗೆ ಲಾಯಕ್ಕಿಲ್ಲ ಅಂತ ಬಂದರೂ ಈ ದುಡ್ಡು ವಾಪಸ್ ಇರುವುದಿಲ್ಲ, ಯಾಕೆಂದರೆ ಕೆಲಸ ಆಗಿರುತ್ತದೆ.

ಅಡ್ವಾನ್ಸ್ ಕೊಟ್ಟು ಕಾಯುತ್ತಿರುವವರಿಗೆ ಇದು ಬೇಜಾರಿನ ವಿಷಯ ಅಂತ ಗೊತ್ತು. ರೇಸ್ ಸೀಸನ್ ಶುರುವಾಗುವ ಮುಂಚೆ ಗಾಡಿ ಕೈಗೆ ಸಿಗುತ್ತದೆ ಅಂದುಕೊಂಡಿದ್ದಿರಿ, ಈಗ ಇನ್ನಷ್ಟು ದಿನ ಕಾಯಬೇಕಾಗುತ್ತದೆ. ನಿಮ್ಮೆಲ್ಲರಲ್ಲೂ ಕ್ಷಮೆ ಕೇಳುತ್ತೇವೆ. ಆದರೆ ತೀರ್ಮಾನ ಬದಲಾಗುವುದಿಲ್ಲ. ಕಾರಣವನ್ನು ಬಿಡಿಸಿ ಹೇಳುತ್ತೇವೆ, ದಯವಿಟ್ಟು ಪೂರ್ತಿ ಓದಿ.

ನಾವು ಪದೇ ಪದೇ ಕೇಳುತ್ತಿರುವ ಮಾತು ಒಂದೇ: “ಕಿಟ್ ಅಂದರೆ ಬೋಲ್ಟ್ ಹಾಕಿ ಬಿಗಿಯುವುದು ತಾನೇ? ತಯಾರಿಸಿದವರೇ ಹಾಗೆ ಹೇಳುತ್ತಾರೆ. ನೀವು ಮಾತ್ರ ಅದಕ್ಕೂ ಮುಂಚೆ ಇನ್ನೊಂದು ಬಿಲ್ ಬೆಳೆಸುತ್ತೀರಿ.” ಫೋನಿನಲ್ಲಿ ಹೇಳಿದ್ದಾರೆ, ಕೌಂಟರ್ ಮುಂದೆ ನಿಂತು ಹೇಳಿದ್ದಾರೆ, ನಮ್ಮ ಬೆನ್ನ ಹಿಂದೆಯೂ ಹೇಳಿದ್ದಾರೆ. ಉತ್ತರ ಇಲ್ಲಿದೆ.

ಬೋಲ್ಟ್ ಹಾಕಿ ಬಿಗಿದರೆ ಸಾಕು ಅನ್ನುವ ಮಾತು ಸುಳ್ಳಲ್ಲ. ಆದರೆ ಅದು ಯಾವ ಎಂಜಿನ್‌ಗೆ? ಕಂಪನಿಯಿಂದ ಬಂದ ಹಾಗೇ ಇರುವ, ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿ ಅದುಮಿದಾಗ ಏಳುವ ಒತ್ತಡ) ಸರಿ ಇರುವ, ಕೂಲಿಂಗ್ ಸರಿ ಇರುವ ಎಂಜಿನ್‌ಗೆ. ನಮ್ಮಲ್ಲಿಗೆ ಬರುವ ಗಾಡಿಗಳು ಯಾವುವು? 1.3 ಸ್ವಿಫ್ಟ್, ಎಂಪಿಎಫ್‌ಐ ಜಿಪ್ಸಿ, ಹಳೇ ಹೋಂಡಾ ಸಿಟಿ ವಿಟೆಕ್. 1.3 ಪೆಟ್ರೋಲ್ ಸ್ವಿಫ್ಟ್ ಬರುವುದು ನಿಂತು ವರ್ಷಗಳೇ ಆದವು. ಇಷ್ಟು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆ, ಎಷ್ಟು ಸಲ ಹೀಟ್ ಆಗಿದೆ, ಯಾರು ಹೆಡ್ (ಎಂಜಿನ್‌ನ ಮೇಲ್ಭಾಗ) ಇಳಿಸಿದ್ದಾರೆ, ಅದಕ್ಕೆ ಎಷ್ಟು ಫೇಸಿಂಗ್ ಹೊಡೆಸಿದ್ದಾರೆ (ತಳ ಕೆರೆಸಿದ್ದಾರೆ), ಒಂದಕ್ಕೂ ದಾಖಲೆ ಇರುವುದಿಲ್ಲ. ಮೇಲಿಂದ ತಳತಳ ಹೊಳೆಯುವ ಎಂಜಿನ್‌ನಲ್ಲಿ ಮೂರನೇ ಸಿಲಿಂಡರ್ ಉಳಿದವಕ್ಕಿಂತ 30 ಪಿಎಸ್‌ಐ (ಒತ್ತಡದ ಅಳತೆ) ಕಮ್ಮಿ ಕಂಪ್ರೆಶನ್ ತೋರಿಸಿದ್ದನ್ನು ನಾವು ನೋಡಿದ್ದೇವೆ. ಓಡಿಸುವವರಿಗೆ ಅದರ ಸುಳಿವೇ ಇರಲಿಲ್ಲ. ಸ್ವಲ್ಪ ಪಿಕಪ್ ಕಮ್ಮಿ ಅನ್ನಿಸಿತ್ತು, ಅದಕ್ಕೇ ಸೂಪರ್‌ಚಾರ್ಜರ್ ಕೇಳಿಕೊಂಡು ಬಂದಿದ್ದರು.

ನಮ್ಮ ಆಫೀಸ್ ಟೇಬಲ್ ಮೇಲೆ ಒಂದು ಪಿಸ್ಟನ್ ಇಟ್ಟಿದ್ದೇವೆ. ಬಂದವರೆಲ್ಲ ಕೈಗೆತ್ತಿಕೊಂಡು ನೋಡಿ. ಪಿಸ್ಟನ್ ತಲೆ ಮೇಲೆ ತೂತಿಲ್ಲ, ಕರಗಿದ ಗುರುತೂ ಇಲ್ಲ. ಅಂಚಿನಲ್ಲಿ ಮರಳು ಉಜ್ಜಿದಂಥ ಸಣ್ಣ ಸಣ್ಣ ಚುಕ್ಕೆ ಮಾತ್ರ. ಹಾಗೇ ತಿರುಗಿಸಿದರೆ ಮೇಲಿನ ರಿಂಗ್ ಮತ್ತು ಎರಡನೇ ರಿಂಗ್ ನಡುವಿನ ಅಲ್ಯೂಮಿನಿಯಂ ಪಟ್ಟಿ ಹೆಬ್ಬೆರಳಗಲ ಕಿತ್ತು ಹೋಗಿದೆ. ಬೇರೆ ಕಡೆ ಎರಡೇ ದಿನದಲ್ಲಿ ಕಿಟ್ ಕೂರಿಸಿಕೊಂಡ ಗಾಡಿಯದು ಅದು. ಯಾರ ಹೆಸರೂ ಬೇಡ. ಆಗಿದ್ದು ನಾಕಿಂಗ್. ಬೂಸ್ಟ್ (ಸೂಪರ್‌ಚಾರ್ಜರ್ ತಳ್ಳಿದ ಗಾಳಿಯ ಹೆಚ್ಚಿನ ಒತ್ತಡ) ಬಂದಾಗ ಸಿಲಿಂಡರ್ ಒಳಗಿನ ಒತ್ತಡ, ಬಿಸಿ ಎರಡೂ ಏರುತ್ತವೆ. ಪ್ಲಗ್ ಹಚ್ಚಿದ ಬೆಂಕಿ ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಗಾಳಿ-ಪೆಟ್ರೋಲ್ ಮಿಶ್ರಣ ತಾನೇ ಸಿಡಿಯುತ್ತದೆ. ಹೊರಗೆ ಸೂಪರ್‌ಚಾರ್ಜರ್ ಸದ್ದು, ಎಕ್ಸಾಸ್ಟ್ ಸದ್ದು. ಒಳಗಿನ ಆ ಕಟಕಟ ಕಿವಿಗೆ ಬೀಳುವುದೇ ಇಲ್ಲ.

ಅದಕ್ಕೇ ಎಲ್ಲ ಸಿಲಿಂಡರ್‌ಗೂ ಕಂಪ್ರೆಶನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್ (ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವುದು) ಮಾಡುತ್ತೇವೆ. ಸಿಲಿಂಡರ್ ಸಿಲಿಂಡರ್ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಿಟ್ ಮಾತು ಅಲ್ಲಿಗೇ ನಿಲ್ಲುತ್ತದೆ. ಇದರಿಂದ ನಮಗೆ ಆಗುವುದು ನಷ್ಟವೇ. ಕಿಟ್ ಮಾರಿದರೆ ಬರುವ ಲಾಭ ಚೆಕಿಂಗ್‌ನಲ್ಲಿ ಬರುವುದಿಲ್ಲ. ಬಿಲ್ ಬೆಳೆಸುವುದೇ ನಮ್ಮ ಉದ್ದೇಶ ಆಗಿದ್ದರೆ ಸುಮ್ನೆ ಕಿಟ್ ಕೂರಿಸಿ, ಆಮೇಲೆ ಎಂಜಿನ್ ಕೆಲಸಕ್ಕೆ ನೀವು ಮತ್ತೆ ಬರುವುದನ್ನು ಕಾಯುತ್ತಿದ್ದೆವು.

ಇನ್ನು ಮಾಡಿಫಿಕೇಶನ್ ವಿಷಯ. ಸೂಪರ್‌ಚಾರ್ಜರ್ ಹಾಕಿಸುವ ಯೋಚನೆ ಇದ್ದರೆ ಅದನ್ನು ಮೊದಲೇ ಹೇಳಿಬಿಡಿ. ಅದಿಲ್ಲದ ಎಂಜಿನ್‌ಗೆ ಒಳ್ಳೆಯದು ಅನ್ನಿಸಿಕೊಂಡ ಎಷ್ಟೋ ಕೆಲಸ ಅದರ ಜೊತೆ ಕೆಡುಕಾಗುತ್ತದೆ. ಹೆಡ್ ಫೇಸಿಂಗ್ ಹೊಡೆಸಿ ಕಂಪ್ರೆಶನ್ ಏರಿಸುವುದು ಅದರಲ್ಲಿ ಮೊದಲನೆಯದು. ಸ್ವಿಫ್ಟ್, ಜಿಪ್ಸಿ ಎರಡರಲ್ಲೂ ಇರುವ ಆ 1298 ಸಿಸಿ ಎಂಜಿನ್‌ನ ಕಂಪ್ರೆಶನ್ ರೇಶಿಯೋ (ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವ ಲೆಕ್ಕ) 9ರ ಆಸುಪಾಸು. 6 ಪಿಎಸ್‌ಐ ಬೂಸ್ಟ್‌ಗೆ ಅದು ಹೇಳಿ ಮಾಡಿಸಿದ ಹಾಗಿದೆ. ಅದನ್ನು ಹತ್ತೂವರೆಗೆ ಏರಿಸಿಕೊಂಡು ಬಂದರೆ ನಾಕಿಂಗ್ ತಪ್ಪಿಸಲು ನಾವು ಟೈಮಿಂಗ್ (ಪ್ಲಗ್ ಬೆಂಕಿ ಹಚ್ಚುವ ಹೊತ್ತು) ಹಿಂದೆ ತಳ್ಳಿ ತಳ್ಳಿ ಕೊನೆಗೆ ಇದ್ದ ಪವರ್ರೂ ಹೋಗುತ್ತದೆ. ಎರಡನೆಯದು ರೇಸ್ ಕ್ಯಾಮ್ (ಕ್ಯಾಮ್ ಅಂದರೆ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್). ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಅದರಲ್ಲಿ ಜಾಸ್ತಿ. ಸೂಪರ್‌ಚಾರ್ಜರ್ ತಳ್ಳಿದ ಗಾಳಿ ನೇರವಾಗಿ ಸೈಲೆನ್ಸರ್ ಕಡೆ ಹೋಗುತ್ತದೆ. ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ. ಈ ಕೆಲಸಕ್ಕೆ ಕಂಪನಿ ಕ್ಯಾಮ್ ಎಷ್ಟೋ ವಾಸಿ.

ಹಗುರದ ಕ್ರ್ಯಾಂಕ್ ಪುಲ್ಲಿ (ಎಂಜಿನ್‌ನ ಮುಖ್ಯ ಶಾಫ್ಟಿನ ತುದಿಯ ಗಾಲಿ) ಹಾಕಿಸಬೇಡಿ. ಸೂಪರ್‌ಚಾರ್ಜರ್ ಬೆಲ್ಟ್ ಎಳೆಯುವುದು ಅದೇ ಪುಲ್ಲಿ. ಕ್ರ್ಯಾಂಕಿನ ಅದುರುವಿಕೆ ತಡೆಯುವ ರಬ್ಬರ್ ಪಟ್ಟಿ ಎಷ್ಟೋ ಕಂಪನಿ ಪುಲ್ಲಿಗಳಲ್ಲಿ ಇರುತ್ತದೆ, ಅದನ್ನು ಕಳೆದುಕೊಂಡರೆ ಬೇರಿಂಗ್‌ಗೆ ಏಟು. ದುಬಾರಿ ಏರ್ ಇನ್‌ಟೇಕ್ ಕೂಡ ಬೇಡ, ಕಿಟ್ ಜೊತೆ ಅದರದ್ದೇ ಇನ್‌ಟೇಕ್ ಬರುತ್ತದೆ, ನಿಮ್ಮದು ಅಟ್ಟ ಸೇರುತ್ತದೆ.

ಹಾಗಾದರೆ ಏನು ಮಾಡಿಸಬೇಕು? ಒಳ್ಳೆ ಹೆಡರ್ಸ್ (ಎಂಜಿನ್‌ನಿಂದ ಹೊಗೆ ಹೊರಗೆ ಒಯ್ಯುವ ಪೈಪುಗಳು), ಅಡ್ಡಿಯಿಲ್ಲದ ಎಕ್ಸಾಸ್ಟ್. ಇಲ್ಲಿ ಒಂದು ಮಾತು. ಹೆಡರ್ಸ್ ಹಾಕಿಸಿದ ಮೇಲೆ ಗೇಜಿನಲ್ಲಿ ಬೂಸ್ಟ್ 7ರಿಂದ 6ಕ್ಕೆ ಇಳಿಯಿತು, ಬೆಲ್ಟ್ ಜಾರುತ್ತಿದೆ ಅಂತ ದೂರು ಬರುತ್ತದೆ. ಸಾಮಾನ್ಯವಾಗಿ ಅದು ಜಾರುವುದಲ್ಲ. ಎಂಜಿನ್ ಒಳಗೆ ಹೋಗದೆ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ನಿಂತ ಗಾಳಿಯ ಒತ್ತಡವನ್ನೇ ಗೇಜು ತೋರಿಸುವುದು. ಗಾಳಿ ಸಲೀಸಾಗಿ ಒಳಗೆ ಹೋದರೆ ಅಂಕಿ ಇಳಿಯುತ್ತದೆ, ಪವರ್ ಏರುತ್ತದೆ. ಇದನ್ನು ಡೈನೋ (ಪವರ್ ಅಳೆಯುವ ಯಂತ್ರ) ಶೀಟ್ ಇಟ್ಟು ತೋರಿಸುತ್ತೇವೆ.

ಆಮೇಲೆ ಪೆಟ್ರೋಲ್ ಲೈನ್. ಆ 1.3 ಎಂಜಿನ್‌ನಿಂದ 120 ಬಿಎಚ್‌ಪಿ ಬೇಕಾದರೆ ಪೆಟ್ರೋಲ್ ಚಿಮ್ಮಿಸುವ ಒಂದೊಂದು ಇಂಜೆಕ್ಟರೂ ನಿಮಿಷಕ್ಕೆ ಸುಮಾರು 220 ಸಿಸಿ ಕೊಡುವಂಥದ್ದಾಗಬೇಕು, ಅದೂ ಅದರ ಸಾಮರ್ಥ್ಯದ ಶೇ 85ಕ್ಕಿಂತ ಜಾಸ್ತಿ ದುಡಿಸದೆ. ಈಗ ಬಂಕಿನಲ್ಲಿ ಸಿಗುವುದು ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್). ಒಂದು ಕೆಜಿ ಶುದ್ಧ ಪೆಟ್ರೋಲ್ ಉರಿಯಲು 14.7 ಕೆಜಿ ಗಾಳಿ ಬೇಕು, ಇ20ಗೆ 13.5ರ ಹತ್ತಿರ ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಶೇ 8-9ರಷ್ಟು ಜಾಸ್ತಿ ಹೋಗಬೇಕು, ಇಂಜೆಕ್ಟರ್ 240 ಸಿಸಿಯದ್ದು ಬೇಕು. ಹಳೇ ರಬ್ಬರ್ ಹೋಸ್‌ಗಳನ್ನೂ ಬದಲಾಯಿಸಬೇಕು. ಪ್ಲಗ್ ಒಂದು ಸ್ಟೆಪ್ ಕೋಲ್ಡ್ (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು), ಗ್ಯಾಪ್ 0.8 ಮಿಮೀ. ರೇಡಿಯೇಟರ್, ಕ್ಲಚ್ ಪ್ಲೇಟ್, ಬ್ರೇಕ್, ಎಂಜಿನ್ ಮೌಂಟ್ ಎಲ್ಲ ನೋಡಲೇಬೇಕು. ಆಯಿಲ್ ಹೊಗೆ ಇನ್‌ಟೇಕ್ ಸೇರಿದರೆ ನಾಕಿಂಗ್‌ಗೆ ಅದೂ ಒಂದು ದಾರಿ, ಹಾಗಾಗಿ ಅದನ್ನು ಹಿಡಿದಿಡುವ ಕ್ಯಾಚ್ ಕ್ಯಾನ್ ಹಾಕುತ್ತೇವೆ. ಇವನ್ನೆಲ್ಲ ಮುಗಿಸಿ, ಎಕ್ಸಾಸ್ಟ್‌ಗೆ ವೈಡ್‌ಬ್ಯಾಂಡ್ ಸೆನ್ಸರ್ (ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವುದು) ಇಟ್ಟು ಮ್ಯಾಪಿಂಗ್, ಅಂದರೆ ಇಸಿಯುಗೆ (ಎಂಜಿನ್ ಕಂಪ್ಯೂಟರ್) ಪೆಟ್ರೋಲ್, ಟೈಮಿಂಗ್ ಲೆಕ್ಕ ತುಂಬುವುದು. ಬೇರೆ ಯಾವುದೋ ಗಾಡಿಯ ಮ್ಯಾಪ್ ತಂದು ತುಂಬುವ ಕೆಲಸ ನಮ್ಮಲ್ಲಿ ಇಲ್ಲ.

ಬೆಂಗಳೂರಿನವರು ಮರೆಯುವ ಇನ್ನೊಂದು ವಿಷಯ ಇದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಚೆನ್ನೈಗಿಂತ ಶೇ 10ರಷ್ಟು ಕಮ್ಮಿ. ಇಲ್ಲಿ ಮ್ಯಾಪ್ ಮಾಡಿದ ಗಾಡಿಯನ್ನು ನೀವು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ಗೆ ಒಯ್ಯುತ್ತೀರಿ. ಅಲ್ಲಿ ಅದೇ ಪುಲ್ಲಿ, ಅದೇ ಆರ್‌ಪಿಎಂ, ಆದರೆ ಒಳಗೆ ಹೋಗುವ ಗಾಳಿ ಜಾಸ್ತಿ. ಇಲ್ಲಿ 6 ಪಿಎಸ್‌ಐ ತೋರಿಸುವ ಗೇಜು ಅಲ್ಲಿ ಆರೂವರೆ ದಾಟುತ್ತದೆ. ನೋಡಲು ಅರ್ಧ ಪಾಯಿಂಟ್ ವ್ಯತ್ಯಾಸ, ಆದರೆ ಒಟ್ಟು ಒತ್ತಡ ಶೇ 10ರಷ್ಟು ಏರಿರುತ್ತದೆ, ಮೇಲೆ ಚೆನ್ನೈ ಬಿಸಿಲು. ಅದಕ್ಕೇ ಇಂಜೆಕ್ಟರ್‌ನಲ್ಲಿ, ಟೈಮಿಂಗ್‌ನಲ್ಲಿ ಒಂದಿಷ್ಟು ಅವಕಾಶ ಉಳಿಸಿಯೇ ಗಾಡಿ ಕೊಡುತ್ತೇವೆ. “ಇನ್ನೂ 5 ಬಿಎಚ್‌ಪಿ ಸಿಗುತ್ತಿತ್ತು, ನೀವು ಕೊಡಲಿಲ್ಲ” ಅಂತ ಕೆಲವರಿಗೆ ಕೋಪ. ಹೌದು, ಕೊಡಲಿಲ್ಲ. ನಿಮ್ಮ ಗಾಡಿ ಟ್ರ್ಯಾಕಿನಿಂದ ತಾನೇ ಓಡಿಕೊಂಡು ಪಿಟ್‌ಗೆ ಬರಬೇಕು ಅನ್ನುವುದು ನಮ್ಮ ಹಟ. ನಾವು ಕಟ್ಟಿದ ಎಂಜಿನ್‌ಗಳ ಬಗ್ಗೆ ನಮಗೆ ಹೆಮ್ಮೆ ಇರುವುದೂ ಇದಕ್ಕೇ.

ಖರ್ಚಿನ ಮಾತಿಗೆ ಬರೋಣ, ಇದರಲ್ಲಿ ನಮಗೆ ನಿಜವಾಗಲೂ ನೋವಾಗಿದೆ. “ಜಿಎಸ್‌ಟಿ ಇಳಿಯಿತು, ನಿಮ್ಮ ರೇಟು ಮಾತ್ರ ಇಳಿಯಲಿಲ್ಲ” ಅನ್ನುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ನಿಜ. ಅಂದಿನಿಂದ ನಮ್ಮ ಬಿಲ್ಲಿನಲ್ಲೂ 18 ಇದೆ, ತೆಗೆದು ನೋಡಿ. ಆದರೆ ಲೇಬರ್‌ಗೆ ಮೊದಲೂ 18, ಈಗಲೂ 18. ನಮ್ಮ ಬಿಲ್ಲಿನ ದೊಡ್ಡ ಪಾಲು ಲೇಬರ್, ಮ್ಯಾಪಿಂಗ್, ಡೈನೋ ಬಾಡಿಗೆ. ಕಿಟ್‌ಗಳು ಬರುವುದು ಹೊರದೇಶದಿಂದ, ಬೆಲೆ ಡಾಲರ್, ಯೂರೋ ಲೆಕ್ಕದಲ್ಲಿ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಅದರ ಮೇಲೆ ಕಸ್ಟಮ್ಸ್ ಸುಂಕ, ಸಾಗಣೆ, ಕ್ಲಿಯರಿಂಗ್ ಏಜೆಂಟ್ ಖರ್ಚು. ಇಳಿದ ತೆರಿಗೆಯನ್ನು ಏರಿದ ಡಾಲರ್ ತಿಂದರೆ ನಾವು ಏನು ಮಾಡೋಣ ಹೇಳಿ? ನಮ್ಮ ಲೇಬರ್ ರೇಟನ್ನು ಈ ಸಲವೂ ಏರಿಸಿಲ್ಲ. ಗ್ಯಾಸ್ಕೆಟ್, ಹೋಸ್, ಕ್ಲಚ್‌ನಂಥ ಸಾಮಾನನ್ನು ನೀವೇ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಿಂದ ತಂದುಕೊಟ್ಟರೂ ಹಾಕಿಕೊಡುತ್ತೇವೆ, ಒರಿಜಿನಲ್ ಆಗಿದ್ದರೆ ಸಾಕು. ಡೂಪ್ಲಿಕೇಟ್ ಪ್ಲಗ್, ಡೂಪ್ಲಿಕೇಟ್ ಸೆನ್ಸರ್ ಮಾತ್ರ ಮುಟ್ಟುವುದಿಲ್ಲ.

ಇನ್ನೊಂದು ಹಳೇ ನಿಯಮ, ಮತ್ತೆ ನೆನಪಿಸುತ್ತೇವೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಹಾಗಾಗಿ ಟ್ರ್ಯಾಕ್, ರ‍್ಯಾಲಿ, ಆಟೋಕ್ರಾಸ್ ಗಾಡಿಗಳಿಗೆ ಮಾತ್ರ ಈ ಕೆಲಸ. ದಿನಾ ಆಫೀಸಿಗೆ ಹೋಗುವ ಗಾಡಿಗೆ ಕೇಳಬೇಡಿ, ಇಲ್ಲ ಅನ್ನಲು ನಮಗೂ ಕಷ್ಟವಾಗುತ್ತದೆ. ಸೂಪರ್‌ಚಾರ್ಜರ್ ಹಾಕಿದರೆ ನಿಮ್ಮ ಗಾಡಿ ರೇಸಿನ ಯಾವ ಕ್ಲಾಸಿಗೆ ಹೋಗುತ್ತದೆ ಅಂತ ಆಯೋಜಕರನ್ನು ಮೊದಲೇ ಕೇಳಿಕೊಳ್ಳಿ.

ಅಡ್ವಾನ್ಸ್ ಕೊಟ್ಟವರಿಗೆ ಮೂರು ದಾರಿ ಇವೆ. ಹೊಸ ಪದ್ಧತಿಗೆ ಒಪ್ಪಿದರೆ ಚೆಕಿಂಗ್ ಫೀಸ್ ನಿಮಗೆ ಪೂರ್ತಿ ಮಾಫಿ. ಕಿಟ್ ಬೇಡ, ಬರೀ ಹೆಡರ್ಸ್, ಮ್ಯಾಪಿಂಗ್ ಸಾಕು ಅಂದರೆ ಅಡ್ವಾನ್ಸ್ ಅದಕ್ಕೆ ಸೇರುತ್ತದೆ. ಎರಡೂ ಬೇಡ ಅಂದರೆ ಒಂದು ರೂಪಾಯಿ ಹಿಡಿಯದೆ ವಾಪಸ್ ಕೊಡುತ್ತೇವೆ, ಮನಸ್ಸಿನಲ್ಲೂ ಏನೂ ಇಟ್ಟುಕೊಳ್ಳುವುದಿಲ್ಲ. ರಿಪೋರ್ಟ್ ತೆಗೆದುಕೊಂಡು ಬೇರೆ ಕಡೆ ಕೆಲಸ ಮಾಡಿಸುವುದಾದರೂ ಸರಿ, ಅದು ನಿಮ್ಮದೇ ರಿಪೋರ್ಟ್. ಅಲ್ಲಿನವರಿಗೆ ಏನಾದರೂ ಸಂಶಯ ಬಂದರೆ ನಮಗೆ ಫೋನ್ ಮಾಡಲಿ, ಹೇಳಿಕೊಡುತ್ತೇವೆ.

ಚೆಕಿಂಗ್‌ಗೆ ಸೋಮವಾರ, ಮಂಗಳವಾರ ಬೆಳಗ್ಗೆ ಮಾತ್ರ ಗಾಡಿ ತೆಗೆದುಕೊಳ್ಳುತ್ತೇವೆ. ಹಿಂದೆ ಹೆಡ್ ಇಳಿಸಿದ, ಕ್ಯಾಮ್ ಬದಲಾಯಿಸಿದ, ಇಸಿಯು ಮುಟ್ಟಿಸಿದ ಬಿಲ್ ಇದ್ದರೆ ಜೊತೆಗೆ ತನ್ನಿ. ಬಿಲ್ ಇಲ್ಲದಿದ್ದರೆ ಏನೇನು ಮಾಡಿಸಿದ್ದೀರಿ ಅಂತ ಬಾಯಲ್ಲಾದರೂ ಬಿಚ್ಚಿ ಹೇಳಿ, ಯಾರೂ ಬೈಯುವುದಿಲ್ಲ. ಹಿಂದಿನ ದಿನ ಆಯಿಲ್ ಬದಲಾಯಿಸಿಕೊಂಡು ಬರಬೇಡಿ. ಹಳೇ ಆಯಿಲ್‌ನಲ್ಲಿ ಲೋಹದ ಚೂರು ಇದೆಯಾ ಅಂತ ನಾವು ನೋಡಬೇಕು.

ಇಂತಿ,
ನಿಮ್ಮ ಗ್ಯಾರೇಜಿನ ಎಲ್ಲರ ಪರವಾಗಿ