ನೂರನೆಯ ಮನೆಯ ಹೊಸ್ತಿಲಲ್ಲಿ ನಿಂತು

ಚಿಕ್ಕ ಮನೆಗಳಿಗೆ ಒಪ್ಪುವ ಪೀಠೋಪಕರಣಗಳನ್ನು ಮಾಡಿಕೊಡಬೇಕೆಂದು 2019ರ ಬೇಸಿಗೆಯಲ್ಲಿ ಶಿವಮೊಗ್ಗದ ಒಂದು ತಗಡಿನ ಶೆಡ್ಡಿನಲ್ಲಿ ಆರಂಭಿಸಿದ ನಮ್ಮ ವಿನ್ಯಾಸ ಸಂಸ್ಥೆ, ಕಳೆದ ವಾರ ನೂರನೆಯ ಮನೆಯ ಕೆಲಸವನ್ನು ಮುಗಿಸಿದೆ. ಈ ಸಂದರ್ಭದಲ್ಲಿ ಕೆಲವರ ಋಣವನ್ನು ಬಹಿರಂಗವಾಗಿ ನೆನೆಯಬೇಕಾಗಿದೆ.

ಮೊದಲ ವಂದನೆ ನಮ್ಮ ಮೊದಲ ಗಿರಾಕಿಗಳಾದ ನಿವೃತ್ತ ಶಿಕ್ಷಕಿಯವರಿಗೆ. 20×30 ಅಡಿಯ ನಿವೇಶನದಲ್ಲಿ ಕಟ್ಟಿದ ಅವರ ಮನೆಯ ಒಂದೇ ಕೋಣೆಯಲ್ಲಿ ಹಗಲು ಮೊಮ್ಮಗನ ಓದು, ರಾತ್ರಿ ಇಬ್ಬರ ನಿದ್ದೆ ಎರಡೂ ಆಗಬೇಕಿದ್ದುದರಿಂದ, ಗೋಡೆಗೆ ಮಡಚಿಡುವ ಮೇಜನ್ನೂ ಅಡಿಯಲ್ಲಿ ಮೂರು ಡ್ರಾಯರುಗಳಿರುವ ಮಂಚವನ್ನೂ ಮಾಡಿಕೊಟ್ಟೆವು. ಬೇಸಿಗೆಯಲ್ಲಿ ಸಲೀಸಾಗಿ ಜಾರುತ್ತಿದ್ದ ಡ್ರಾಯರುಗಳು ಆಷಾಢದ ಮಳೆ ಹಿಡಿದ ವಾರದಲ್ಲೇ ಬಿಗಿದುಕೊಂಡವು. ಮರವು ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗದು, ತೇವ ಕುಡಿದು ಅಡ್ಡಕ್ಕೆ ಉಬ್ಬುತ್ತದೆ ಎಂಬುದನ್ನು ಓದಿ ಬಲ್ಲ ನಾನು, ಮಲೆನಾಡಿನ ಹೆಬ್ಬಾಗಿಲಲ್ಲೇ ಕುಳಿತು ಮಳೆಗಾಲವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ಹಣ ವಾಪಸು ಕೇಳಬಹುದಿತ್ತು, ಕೇಳಲಿಲ್ಲ. ಯಾವ ಡ್ರಾಯರು ಯಾವ ದಿನ ಬಿಗಿಯಿತು, ಎಷ್ಟು ಬಿಸಿಲು ಬಿದ್ದ ಮೇಲೆ ಸಡಿಲವಾಯಿತು ಎಂಬುದನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟು, ಹಾಳೆಗಳನ್ನು ಹರಿದು ನಮ್ಮ ಕೈಗಿತ್ತರು. ಅವು ಇಂದಿಗೂ ಶೆಡ್ಡಿನಲ್ಲಿ ತೂಗುತ್ತಿವೆ.

ಗುಡಿಗಾರರ ಕೆತ್ತನೆಗೆ ಹೆಸರಾದ ಸಾಗರದ ಕಡೆಯಿಂದ ಬಂದ ನಮ್ಮ ಮೇಸ್ತ್ರಿಯವರು ಆ ಹಾಳೆಗಳನ್ನು ನೋಡಿ, “ಮಳೆಗಾಲಕ್ಕೆ ಹಲಗೆ ಊದ್ಕೊಳ್ಳುತ್ತೆ ಸಾರ್, ಅದಕ್ಕೂ ಒಂಚೂರು ಜಾಗ ಬಿಡ್ಬೇಕಲ್ವಾ” ಎಂದರು. ಜಾಗ ಉಳಿಸುವುದನ್ನೇ ಕಸುಬು ಮಾಡಿಕೊಂಡ ನಮಗೆ ಹಲಗೆಗೂ ಜಾಗ ಬೇಕೆಂಬುದನ್ನು ಅವರೇ ಹೇಳಬೇಕಾಯಿತು. ಚೌಕಟ್ಟಿನಲ್ಲಿ ಕೊರೆದ ಕಾಲುವೆಯೊಳಗೆ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸುವ ಅವರ ಕ್ರಮವನ್ನೇ ಅಂದಿನಿಂದ ಎಲ್ಲ ಕೆಲಸಕ್ಕೂ ಅನುಸರಿಸುತ್ತಿದ್ದೇವೆ.

2020ರ ಲಾಕ್‌ಡೌನಿನಲ್ಲಿ ನಾಲ್ಕು ತಿಂಗಳ ಬಾಡಿಗೆಯ ಮಾತನ್ನೇ ಎತ್ತದ ಶೆಡ್ಡಿನ ಮಾಲೀಕರಿಗೆ, ಹಾಗೂ ಹಗಲು ಕೂರಲು, ರಾತ್ರಿ ಮಲಗಲು, ಒಳಗೆ ಹಿತ್ತಾಳೆ ಪಾತ್ರೆ ತುಂಬಿಡಲು ಒದಗುತ್ತಿದ್ದ ತೀರ್ಥಹಳ್ಳಿಯ ಅಜ್ಜನ ಮನೆಯ ಹಲಸಿನ ಮರದ ಪೆಟ್ಟಿಗೆಯನ್ನು ಬಿಚ್ಚಿ ನೋಡಲು ಬಿಟ್ಟ ಅಮ್ಮನಿಗೆ (ಅದನ್ನು ಮತ್ತೆ ಮೊದಲಿನಂತೆ ಜೋಡಿಸಲಾಗಲಿಲ್ಲ ಎಂಬ ದೂರು ಈಗಲೂ ಇದೆ) ನಾನು ಋಣಿ.

ಮರ ಚೆನ್ನಾಗಿ ಒಣಗದೆ ಕೆಲಸಕ್ಕೆ ಕೈ ಹಾಕುವುದಿಲ್ಲವೆಂದು ನಾವು ಹಟ ಹಿಡಿದಿರುವುದರಿಂದ ಈ ಮಳೆಗಾಲ ಮುಗಿಯುವವರೆಗೆ ಕಾಯಬೇಕಾಗಿರುವ ಮೂರು ಮನೆಯವರಿಗೆ, ಮುಂಗಡವಾಗಿಯೇ ವಂದನೆಗಳು.