ಗೃಹ ಸಚಿವರಿಗೊಂದು ಬಹಿರಂಗ ಪತ್ರ: ಇಸ್ಪೀಟು ಅಡ್ಡೆ ಬೇರೆ, ಪೋಕರ್ ಪಂದ್ಯಾವಳಿ ಬೇರೆ

ಮಾನ್ಯ ಗೃಹ ಸಚಿವರೇ,

ಕಳೆದ ವರ್ಷ ನಮ್ಮ ಹವ್ಯಾಸಿ ಪೋಕರ್ ಲೀಗಿನ ವಾರ್ಷಿಕ ಪಂದ್ಯಾವಳಿಯಲ್ಲಿ ಕೊನೆಯ ಒಂಬತ್ತು ಮಂದಿ ಅಂತಿಮ ಮೇಜಿಗೆ ಕುಳಿತಿದ್ದಾಗ, ಭವನದ ಮಾಲೀಕರು ಬಂದು ಆಟ ನಿಲ್ಲಿಸಿರೆಂದು ಕೈಮುಗಿದರು. 'ಇಸ್ಪೀಟು ಆಡಿಸುತ್ತಿದ್ದಾರೆ' ಎಂದು ಯಾರೋ ಠಾಣೆಗೆ ಫೋನ್ ಮಾಡಿದ್ದರಂತೆ. ಮೇಜಿನ ಮೇಲೆ ಒಂದು ರೂಪಾಯಿಯೂ ಇರಲಿಲ್ಲ. ಇದ್ದದ್ದು ಪಣಕ್ಕಿಡುವ ಪ್ಲಾಸ್ಟಿಕ್ ಬಿಲ್ಲೆಗಳಾದ ಚಿಪ್ಪುಗಳು, 20 ನಿಮಿಷಕ್ಕೊಮ್ಮೆ ಬ್ಲೈಂಡ್ (ಆಟದ ಕಡ್ಡಾಯ ಪಣ) ಏರಿಸಲು ಇಟ್ಟಿದ್ದ ಅಡುಗೆಮನೆಯ ಟೈಮರ್ ಮತ್ತು ಗೆದ್ದವರ ಹೆಸರು ಕೆತ್ತಿಸುವ ಹಿತ್ತಾಳೆಯ ಲೋಟ. ತಲಾ 200 ರೂಪಾಯಿಯ ಪ್ರವೇಶ ಶುಲ್ಕ ಬಾಡಿಗೆಗೂ ಊಟಕ್ಕೂ ಮುಗಿದಿತ್ತು. ಲೋಟದ ಮೇಲೆ ಆ ವರ್ಷದ ಜಾಗ ಇನ್ನೂ ಖಾಲಿಯಾಗಿಯೇ ಇದೆ.

ನಾವು ಅನುಸರಿಸುವ ಪದ್ಧತಿಗೆ ಅರ್ಧ ಶತಮಾನದ ಚರಿತ್ರೆಯಿದೆ. 1970ರಲ್ಲಿ ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಪೋಕರಿನ ವಿಶ್ವ ಪಂದ್ಯಾವಳಿಯಾದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಶುರುವಾದಾಗ ಚಾಂಪಿಯನ್ ಯಾರೆಂದು ಆಟಗಾರರೇ ಮತ ಹಾಕಿ ಜಾನಿ ಮಾಸ್ ಅವರನ್ನು ಆರಿಸಿದ್ದರು. ಮರುವರ್ಷ ಬಂದ ಫ್ರೀಜ್‌ಔಟ್ ನಿಯಮದ ಪ್ರಕಾರ ಎಲ್ಲರೂ ಒಂದೇ ಶುಲ್ಕ ಕೊಟ್ಟು, ಸಮನಾದ ಚಿಪ್ಪುಗಳೊಂದಿಗೆ ಕೂರಬೇಕು. ಚಿಪ್ಪು ಮುಗಿದವರು ಎದ್ದು ಹೋಗಬೇಕೇ ಹೊರತು ಮತ್ತೆ ಜೇಬಿಗೆ ಕೈ ಹಾಕುವಂತಿಲ್ಲ. ನನ್ನ ದೃಷ್ಟಿಯಲ್ಲಿ ಜೂಜು ಪಂದ್ಯವಾಗಿ ಬದಲಾದದ್ದು ಆ ವರ್ಷವೇ, ಏಕೆಂದರೆ ಅಲ್ಲಿಂದ ಮುಂದೆ ಸೋಲಿಗೊಂದು ಮಿತಿ ಬಂತು. 2003ರಲ್ಲಿ ಅದರ ಮುಖ್ಯ ಸ್ಪರ್ಧೆಯಲ್ಲಿ 839 ಮಂದಿಯ ನಡುವೆ ಟೆನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ (ಅದು ಅವರ ಮನೆತನದ ನಿಜವಾದ ಹೆಸರೇ) ಗೆದ್ದು 25 ಲಕ್ಷ ಡಾಲರ್ ಪಡೆದ ಮೇಲೆ ಹವ್ಯಾಸಿಗಳ ಮಹಾಪೂರವೇ ಹರಿಯಿತು; 2006ರ ಹೊತ್ತಿಗೆ ಸ್ಪರ್ಧಿಗಳ ಸಂಖ್ಯೆ 8,773 ಆಗಿತ್ತು.

ನಮ್ಮ ರಾಜ್ಯದ ಕಾನೂನೂ ಈ ಭೇದವನ್ನು ಅರಿಯದ್ದಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 176ನೇ ಕಲಮು ಕೌಶಲದ ಆಟವನ್ನು ಜೂಜಿನ ಕಲಮುಗಳಿಂದ ಹೊರಗಿಟ್ಟಿದೆ. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲವೆಂದು ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿದೆ. ಹಣವಿಟ್ಟು ಆಡುವ ಕೌಶಲದ ಆಟಗಳನ್ನೂ ನಿಷೇಧಿಸಿದ್ದ, ಈ ಕಾಯ್ದೆಯ 2021ರ ತಿದ್ದುಪಡಿಯ ಮುಖ್ಯ ಅಂಶಗಳನ್ನು ಅದೇ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಪೋಕರ್ ಜೂಜೇ ಎಂದಿರುವುದನ್ನು ನಾನು ಮುಚ್ಚಿಡುವುದಿಲ್ಲ. ಹಣವಿಟ್ಟು ಆಡುವ ಆಟಗಳನ್ನು ನಿಷೇಧಿಸಿದ ಕೇಂದ್ರದ 2025ರ ಕಾಯ್ದೆ ಆನ್‌ಲೈನ್ ಆಟಗಳಿಗೆ ಸಂಬಂಧಿಸಿದ್ದು, ಭವನದ ಮೇಜಿಗಲ್ಲ. ಆದರೂ 'ಪೋಕರ್ ಬ್ಯಾನ್ ಆಗಿದೆಯಲ್ಲ' ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ.

ಎಲೆ ಹಂಚಿ ಆಡುವ ಒಂದೇ ಸುತ್ತಿನಲ್ಲಿ ಅದೃಷ್ಟದ್ದೇ ಮೇಲುಗೈ ಎಂಬುದು ನಿಜ. ಕ್ಲಬ್ ಎಂಬ ಬೋರ್ಡು ತಗುಲಿಸಿ ಪ್ರತಿ ಆಟಕ್ಕೂ ಕಮಿಷನ್ ಕೀಳುವವರಿಂದ ಮನೆಮಠ ಕಳೆದುಕೊಂಡವರನ್ನೂ ನಾನು ಬಲ್ಲೆ, ಅಂಥ ಅಡ್ಡೆಗಳ ಮೇಲೆ ದಾಳಿ ನಡೆಯಲೇಬೇಕು. ನಾನು ಕೇಳುವುದು ಇಷ್ಟೇ: ಮೇಜಿನ ಮೇಲೆ ನಗದಿಲ್ಲದ, ಮರುಪ್ರವೇಶವಿಲ್ಲದ, ಆಯೋಜಕರು ಒಂದು ಪೈಸೆಯನ್ನೂ ಉಳಿಸಿಕೊಳ್ಳದ, ಮೊದಲೇ ಘೋಷಿಸಿದ ಪಾರಿತೋಷಕಕ್ಕಾಗಿ ನಡೆಯುವ ಪಂದ್ಯಾವಳಿಯನ್ನು ಅಂದರ್-ಬಾಹರ್ ಅಡ್ಡೆಯೊಂದಿಗೆ ಸೇರಿಸಬಾರದೆಂದು ಎಲ್ಲ ಠಾಣೆಗಳಿಗೆ ಒಂದು ಲಿಖಿತ ಸುತ್ತೋಲೆ ಹೊರಡಿಸಿ.

ಈ ಡಿಸೆಂಬರಿಗೆ ಅದೇ ಭವನವನ್ನು ಮತ್ತೆ ಕೇಳಿದ್ದೇವೆ. ಠಾಣೆಯಿಂದ ಬರಹದಲ್ಲಿ ಏನಾದರೂ ತಂದರೆ ಕೊಡುತ್ತೇನೆ ಎಂದಿದ್ದಾರೆ ಮಾಲೀಕರು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಆಟಗಾರ